ನೀರಿನ ಬೋರ್ಡಿನವರ ದಿನಗೂಲಿ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೊಂದು ಕೈಪಿಡಿ

ಎರಡು ವರ್ಷಕ್ಕೊಮ್ಮೆ ಅಕ್ಟೋಬರ್ ತಿಂಗಳಲ್ಲಿ ನನಗೆ ಒಂದೇ ತರಹದ ಫೋನ್ ಬರುತ್ತದೆ. ಮಾಡುವವರು ಹೊಸದಾಗಿ ಅಮೆರಿಕದ ಪೌರತ್ವ ತಗೊಂಡ ಗೆಳೆಯರು. ಅಂಚೆಯಲ್ಲಿ ಬಂದ ಬ್ಯಾಲೆಟ್ಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿರುತ್ತಾರೆ. ದೊಡ್ಡ ಹುದ್ದೆಗಳದ್ದೆಲ್ಲ ಮುಗಿದಿರುತ್ತದೆ. ಕೊನೆಯ ಪುಟಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. "ಸಾರ್, ಈ ವಾಟರ್ ಡಿಸ್ಟ್ರಿಕ್ಟ್ ಡೈರೆಕ್ಟರ್ ಅಂದ್ರೆ ಯಾರು? ನೀರು ಬಿಡೋದಕ್ಕೂ ಎಲೆಕ್ಷನ್ನಾ?" ಅದಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. "ಇವರಿಗೆ ಸಂಬಳ ಎಷ್ಟು?"

ಎರಡನೆಯದು ಒಳ್ಳೆಯ ಪ್ರಶ್ನೆ. ಉತ್ತರ ಏನಂದರೆ, ಸಂಬಳವೇ ಇಲ್ಲ. ದಿನದ ಲೆಕ್ಕ. ಮಂಡಳಿಯ ಕೆಲಸ ಮಾಡಿದ ದಿನಕ್ಕೆ ಇಷ್ಟು ಡಾಲರ್ ಅಂತ. ಊರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ಗೌರವಧನ ಅಂತ ಕೊಡುತ್ತಾರಲ್ಲ, ಅದರ ದೂರದ ನೆಂಟ ಅನ್ನಿ. ಮೊತ್ತ ದೊಡ್ಡದಲ್ಲ. ಆದರೆ ಆ ದುಡ್ಡಿನ ಜಾಡು ಹಿಡಿದು ಹೊರಟರೆ ಇಡೀ ವಾಟರ್ ಡಿಸ್ಟ್ರಿಕ್ಟ್ ಹೇಗೆ ನಡೆಯುತ್ತದೆ ಅಂತ ತಿಳಿಯುತ್ತದೆ. ನಾನು ಕಲಿತದ್ದೂ ಹಾಗೇ.

ಇದು ಯಾವ ಜಿಲ್ಲೆ?

ಡಿಸ್ಟ್ರಿಕ್ಟ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಜಿಲ್ಲೆ, ಡಿಸಿ ಆಫೀಸು. ಅದನ್ನು ಮರೆತುಬಿಡಿ. ಇಲ್ಲಿ ಜಿಲ್ಲೆಗೆ ಕೌಂಟಿ ಅನ್ನುತ್ತಾರೆ. ವಾಟರ್ ಡಿಸ್ಟ್ರಿಕ್ಟ್ ಅಂದರೆ ಒಂದೇ ಕೆಲಸಕ್ಕೆ ಅಂತ ಕಟ್ಟಿದ ಪುಟ್ಟ ಸರ್ಕಾರ. ಇಂಥವಕ್ಕೆಲ್ಲ ಸೇರಿ ಸ್ಪೆಷಲ್ ಡಿಸ್ಟ್ರಿಕ್ಟ್ ಅಂತ ಹೆಸರು. ಬೆಂಕಿ ಆರಿಸುವುದಕ್ಕೊಂದು, ಸೊಳ್ಳೆ ಓಡಿಸುವುದಕ್ಕೊಂದು, ಸ್ಮಶಾನ ನೋಡಿಕೊಳ್ಳುವುದಕ್ಕೂ ಒಂದು. ತಮ್ಮದೇ ಮಂಡಳಿ ಇರುವಂಥವು ಈ ರಾಜ್ಯದಲ್ಲಿ ಸುಮಾರು 2 ಸಾವಿರ ಇವೆ. ತೆರಿಗೆ ಹಾಕುತ್ತವೆ, ಸಾಲ ಎತ್ತುತ್ತವೆ, ಭೂಮಿ ಕೊಳ್ಳುತ್ತವೆ. ಬೆಂಗಳೂರಿನ ಜಲಮಂಡಳಿ 1964ರಿಂದ ಇದೆ. ಅದರ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ನಾವು ನೀವು ಓಟು ಹಾಕುವುದಿಲ್ಲ. ಇಲ್ಲಿ ಹಾಕುತ್ತೇವೆ. ಅದೇ ದೊಡ್ಡ ವ್ಯತ್ಯಾಸ.

ಸ್ಯಾನ್ ಹೋಸೆ, ಸನಿವೇಲ್, ಕೂಪರ್ಟಿನೊ, ಮಿಲ್ಪೀಟಸ್ ಕಡೆ ಇರುವವರ ಕಥೆ ಸ್ವಲ್ಪ ಹೇಳಬೇಕು. ಈಗ ಕಂಪ್ಯೂಟರ್ ಕಂಪನಿಗಳು ಇರುವ ಈ ಕಣಿವೆ ನೂರು ವರ್ಷದ ಹಿಂದೆ ಹಣ್ಣಿನ ತೋಟ. ಪ್ಲಮ್, ಏಪ್ರಿಕಾಟ್. ತೋಟದವರು ಬಾವಿಯಿಂದ ನೀರೆತ್ತಿದರು, ಎತ್ತುತ್ತಲೇ ಹೋದರು. ನೀರು ಇಳಿಯಿತು. ನೀರಿನ ಜೊತೆ ನೆಲವೂ ಇಳಿಯಿತು! 1915ರಿಂದ 1970ರ ಆಸುಪಾಸಿನವರೆಗೆ ಸ್ಯಾನ್ ಹೋಸೆಯ ನಡುಪೇಟೆ ಸುಮಾರು 13 ಅಡಿ ಕುಸಿದಿದೆ. ಇದಕ್ಕೆ ಏನಾದರೂ ಮಾಡಬೇಕು ಅಂತ 1929ರಲ್ಲಿ ಮತದಾರರು ಸಾಂಟಾ ಕ್ಲಾರಾ ವ್ಯಾಲಿ ವಾಟರ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಕಟ್ಟಿಕೊಂಡರು. 1930ರ ದಶಕದಲ್ಲಿ ಅಣೆಕಟ್ಟುಗಳು ಎದ್ದವು. ಚಳಿಗಾಲದ ಮಳೆನೀರು ಹಿಡಿದಿಟ್ಟು, ನಿಧಾನವಾಗಿ ಬಿಟ್ಟು, ನೆಲಕ್ಕೆ ಇಂಗಿಸುವುದು ಉದ್ದೇಶ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಸಂಸ್ಥೆ ಬೆಳೆದು, ಬೇರೆಯದರ ಜೊತೆ ಕೂಡಿಕೊಂಡು, ಹೆಸರು ಬದಲಿಸಿಕೊಂಡು ಈಗ ವ್ಯಾಲಿ ವಾಟರ್ ಅನ್ನಿಸಿಕೊಂಡಿದೆ. 10 ಜಲಾಶಯ, ಸುಮಾರು 20 ಲಕ್ಷ ಜನ, 7 ಡೈರೆಕ್ಟರ್‌ಗಳು. ಒಬ್ಬೊಬ್ಬರಿಗೂ ಒಂದೊಂದು ಕ್ಷೇತ್ರ, ನಾಲ್ಕು ವರ್ಷದ ಅವಧಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. "ನನ್ನ ನೀರಿನ ಬಿಲ್ ಖಾಸಗಿ ಕಂಪನಿಯಿಂದ ಬರುತ್ತೆ, ನನಗೆ ಯಾವ ಡಿಸ್ಟ್ರಿಕ್ಟೂ ಇಲ್ಲ" ಅನ್ನುತ್ತಾರೆ. ಸ್ಯಾನ್ ಹೋಸೆಯಲ್ಲಿ ಬಹುಪಾಲು ಮನೆಗಳಿಗೆ ನೀರು ಕೊಡುವುದು ಖಾಸಗಿ ಕಂಪನಿಯೇ, ನಿಜ. ಆದರೆ ಅದು ಚಿಲ್ಲರೆ ಅಂಗಡಿ. ಸಗಟು ವ್ಯಾಪಾರಿ ವ್ಯಾಲಿ ವಾಟರ್. ನೆಲದಡಿಯ ನೀರು ಕಾಯುವುದೂ ಅದೇ, ಹೊಳೆ ಉಕ್ಕದಂತೆ ನೋಡಿಕೊಳ್ಳುವುದೂ ಅದೇ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ಸಣ್ಣ ಅಕ್ಷರದ ಸಾಲುಗಳನ್ನು ನೋಡಿ. ಅದರ ಹೆಸರಿನಲ್ಲಿ ಹಣ ಹೋಗಿರುತ್ತದೆ.

ಫ್ರೀಮಾಂಟ್, ನ್ಯೂವರ್ಕ್, ಯೂನಿಯನ್ ಸಿಟಿಯವರಿಗೆ ಅಲಮೇಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್. ಅಲ್ಲಿ ಮನೆಗೆ ನೀರು ಬಿಡುವುದೂ, ಬಿಲ್ ಕಳಿಸುವುದೂ ಡಿಸ್ಟ್ರಿಕ್ಟೇ. ಡಬ್ಲಿನ್ ಕಡೆಯವರಿಗೆ ಎರಡು: ಸಗಟಿಗೆ ಝೋನ್ 7, ಮನೆಗೆ ಡಬ್ಲಿನ್ ಸ್ಯಾನ್ ರಮೋನ್ ಸರ್ವೀಸಸ್ ಡಿಸ್ಟ್ರಿಕ್ಟ್. ಎರಡಕ್ಕೂ ಬೇರೆ ಬೇರೆ ಮಂಡಳಿ, ಬೇರೆ ಬೇರೆ ಚುನಾವಣೆ, ಬೇರೆ ಬೇರೆ ದಿನಭತ್ಯೆ.

ದಿನಕ್ಕೆಷ್ಟು?

ಕ್ಯಾಲಿಫೋರ್ನಿಯಾ ವಾಟರ್ ಕೋಡ್ ಅಂತ ಒಂದು ಕಾನೂನಿದೆ. ಅದರಲ್ಲಿ 20200ರಿಂದ ಶುರುವಾಗುವ ಕೆಲವೇ ಕಲಮುಗಳು ಡೈರೆಕ್ಟರ್‌ಗಳ ಹಣದ ಬಗ್ಗೆ. ಎರಡು ಪುಟವೂ ಆಗದು. ಓದಿಬಿಡಿ, ಕಷ್ಟವಿಲ್ಲ.

ಮೂಲ ಮಿತಿ ದಿನಕ್ಕೆ 100 ಡಾಲರ್. ಮಂಡಳಿಯ ಸಭೆಗೆ ಬಂದ ದಿನಕ್ಕೆ, ಇಲ್ಲವೇ ಮಂಡಳಿಯೇ ಕೇಳಿಕೊಂಡು ಒಪ್ಪಿಸಿದ ಕೆಲಸ ಮಾಡಿದ ದಿನಕ್ಕೆ. ಗಂಟೆಯ ಲೆಕ್ಕವಿಲ್ಲ. ಒಂದೇ ದಿನ ಮೂರು ಸಭೆ ಆದರೂ ಒಂದೇ ದಿನದ ದುಡ್ಡು. 20 ನಿಮಿಷದಲ್ಲಿ ಸಭೆ ಮುಗಿದರೂ ಅಷ್ಟೇ, ರಾತ್ರಿ 11ರವರೆಗೆ ಎಳೆದರೂ ಅಷ್ಟೇ. ಮಂಡಳಿ ಬಯಸಿದರೆ ಈ 100 ಡಾಲರ್ ಮಿತಿಯನ್ನು ದಾಟಬಹುದು, ಆದರೆ ಅದಕ್ಕೆ ದಾರಿ ಬೇರೆ ಇದೆ, ಮುಂದೆ ಹೇಳುತ್ತೇನೆ. ಹಾಗೆ ದಾಟಿದವರು ತಿಂಗಳಿಗೆ 10 ದಿನಕ್ಕಿಂತ ಜಾಸ್ತಿ ಹಣ ತಗೊಳ್ಳುವಂತಿಲ್ಲ. ಕೆಲವು ಡಿಸ್ಟ್ರಿಕ್ಟ್‌ಗಳಿಗೆ ಅವುಗಳದ್ದೇ ಸ್ವಂತ ಕಾಯ್ದೆ ಇರುತ್ತದೆ. ಅಲ್ಲಿ ನಿಯಮ ಸ್ವಲ್ಪ ಆಚೀಚೆ. ಹಾಗಾಗಿ ನಿಮ್ಮ ಡಿಸ್ಟ್ರಿಕ್ಟ್‌ನದ್ದನ್ನು ನೀವೇ ನೋಡಿಕೊಳ್ಳಿ.

ಒಂದು ಲೆಕ್ಕ ಹಾಕೋಣ. ಯಾವುದೋ ಒಂದು ಮಂಡಳಿ ಅಂದುಕೊಳ್ಳಿ. ಐದು ಜನ ಡೈರೆಕ್ಟರ್‌ಗಳು, ದಿನಕ್ಕೆ 250 ಡಾಲರ್. ಎಲ್ಲರೂ ತಿಂಗಳಿಗೆ ಹತ್ತೂ ದಿನ ತಗೊಂಡರು. ಒಬ್ಬೊಬ್ಬರಿಗೆ ವರ್ಷಕ್ಕೆ 30 ಸಾವಿರ. ಐದು ಜನಕ್ಕೆ ಒಂದೂವರೆ ಲಕ್ಷ. ಆ ಡಿಸ್ಟ್ರಿಕ್ಟ್‌ನಲ್ಲಿ 20 ಸಾವಿರ ಮನೆ ಇದ್ದರೆ, ಮನೆಗೆ ವರ್ಷಕ್ಕೆ ಏಳೂವರೆ ಡಾಲರ್. ಸನಿವೇಲ್‌ನಲ್ಲಿ ಅರ್ಧ ಮಸಾಲೆ ದೋಸೆ ಬರುತ್ತದೆ.

ಹಾಗಾದರೆ ಇದರ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಈ ಜನ ಕೈಯೆತ್ತಿ ಒಪ್ಪುವ ಮೊತ್ತ ನೋಡಿ. ಮಾರ್ಗನ್ ಹಿಲ್ ಹತ್ತಿರದ ಆಂಡರ್ಸನ್ ಅಣೆಕಟ್ಟು 1950ರದ್ದು. ಭೂಕಂಪ ಆದರೆ ಅಪಾಯ ಅಂತ 2020ರಲ್ಲಿ ಕೇಂದ್ರದ ಇಂಧನ ಆಯೋಗ ಅದನ್ನು ಖಾಲಿ ಮಾಡಿಸಿತು. ಅದನ್ನು ಗಟ್ಟಿ ಮಾಡುವ ಕೆಲಸದ ಅಂದಾಜು ಏರುತ್ತಾ ಏರುತ್ತಾ 2 ಬಿಲಿಯನ್ ಡಾಲರ್ ದಾಟಿದೆ. ಇಂಥ ಕಡತದ ಮುಂದೆ ಕೂರುವ ಏಳು ಜನಕ್ಕೆ ಅದನ್ನು ಓದುವ ಪುರುಸೊತ್ತು ಇದೆಯೋ ಇಲ್ಲವೋ ಅನ್ನುವುದು ನನಗೆ ಅವರ ದಿನಭತ್ಯೆಗಿಂತ ಮುಖ್ಯ.

ಪೂರ್ತಿ ಪುಕ್ಕಟೆ ಮಾಡಿಸಿದರೆ ಏನಾಗುತ್ತದೆ? ನಿವೃತ್ತರು ಬರುತ್ತಾರೆ, ಸ್ಥಿತಿವಂತರು ಬರುತ್ತಾರೆ, ಇಲ್ಲವೇ ನೀರಿನಿಂದಲೇ ಲಾಭ ಇರುವವರು ಬರುತ್ತಾರೆ. ಎರಡು ಕೆಲಸ ಮಾಡಿ ಮನೆ ನಡೆಸುವ ತಾಯಿ ಬರುವುದಿಲ್ಲ. ನೀರಿನ ಕೆಲಸ ಪುಕ್ಕಟೆ ಅಂತ ನಮ್ಮ ಕಡೆಯೂ ಯಾವತ್ತೂ ಅಂದುಕೊಂಡಿರಲಿಲ್ಲ. ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟುಕೊಟ್ಟ ಗದ್ದೆಯ ಲೆಕ್ಕ ನಮ್ಮ ಶಾಸನಗಳಲ್ಲಿದೆ. ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಅದಕ್ಕೆ ಹೆಸರೂ ಇತ್ತು. ತೂಬು ಎತ್ತಿ ಇಳಿಸುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಕೆರೆ ತುಂಬಿ ಬೆಳೆ ಬಂದರೆ ನೀರಗಂಟಿಗೂ ಕಾಳು. ಬರ ಬಂದರೆ ಅವನಿಗೂ ಬರ. ಇಲ್ಲಿಯವರಿಗೆ ಮಳೆ ಬಂದರೂ ಬಾರದಿದ್ದರೂ ದಿನದ ದುಡ್ಡು ಬರುತ್ತದೆ!

ಯಾವ ದಿನಕ್ಕೆ?

ಎಷ್ಟು ಅನ್ನುವುದಕ್ಕಿಂತ ಯಾವ ದಿನಕ್ಕೆ ಅನ್ನುವುದನ್ನು ಕೇಳಿ. ಕಿತಾಪತಿ ನಡೆದರೆ ನಡೆಯುವುದು ಅಲ್ಲೇ.

ದಿನಕ್ಕಿಷ್ಟು ಅಂತ ಇಟ್ಟ ಮೇಲೆ ದಿನಗಳನ್ನು ಹೆಚ್ಚಿಸುವ ಆಸೆ ಯಾರಿಗಾದರೂ ಬರುತ್ತದೆ. ಒಂದು ಕಾಫಿ ಮಾತುಕತೆ, ಒಂದು ಟೇಪು ಕತ್ತರಿಸುವ ಸಮಾರಂಭ, ಇನ್ನೊಂದು ಡಿಸ್ಟ್ರಿಕ್ಟ್‌ನ ಸಭೆಯಲ್ಲಿ ಹಿಂದಿನ ಸಾಲಲ್ಲಿ ಸುಮ್ನೆ ಕೂತು ಬಂದದ್ದು. ಇದೆಲ್ಲ ಮಂಡಳಿಯ ಕೆಲಸವೇ? 2005ರಲ್ಲಿ ಎಬಿ 1234 ಅನ್ನುವ ಕಾಯ್ದೆ ಬಂತು. ನೆನಪಿಡಲು ಸುಲಭವಾದ ನಂಬರು. ಅದರ ಪ್ರಕಾರ ಹಣ ಕೊಡಬಹುದಾದ ಸಂದರ್ಭ ಮೂರು. ಮಂಡಳಿಯ ಸಭೆ, ಅದರ ಸಲಹಾ ಸಮಿತಿಯ ಸಭೆ, ಸಮ್ಮೇಳನ ಅಥವಾ ತರಬೇತಿ. ಬೇರೆ ಯಾವುದಕ್ಕೇ ಕೊಡಬೇಕಿದ್ದರೂ ಮಂಡಳಿ ಮೊದಲೇ, ಬಹಿರಂಗ ಸಭೆಯಲ್ಲಿ, ಲಿಖಿತ ನಿಯಮ ಮಾಡಿರಬೇಕು. ಆ ನಿಯಮದಲ್ಲಿ ಇಲ್ಲದ್ದಕ್ಕೆ ದುಡ್ಡಿಲ್ಲ.

ಪ್ರಯಾಣ, ಊಟ, ಹೋಟೆಲ್ ಖರ್ಚಿಗೂ ಅದೇ ಕಾಯ್ದೆ. ರಸೀದಿ ಕೊಡಬೇಕು. ದರ ಎಷ್ಟು ಅಂತ ಮಂಡಳಿಯ ನಿಯಮದಲ್ಲಿ ಇಲ್ಲದಿದ್ದರೆ ತೆರಿಗೆ ಇಲಾಖೆಯ ದರವೇ ಲೆಕ್ಕ. ಡಿಸ್ಟ್ರಿಕ್ಟ್ ಖರ್ಚಿನಲ್ಲಿ ಸಮ್ಮೇಳನಕ್ಕೆ ಹೋದವರು ಮುಂದಿನ ಸಭೆಯಲ್ಲಿ ಅಲ್ಲಿ ಏನಾಯಿತು ಅಂತ ಚಿಕ್ಕದಾಗಿ ವರದಿ ಒಪ್ಪಿಸಬೇಕು. ಈ ವರದಿಗಳನ್ನು ಕೇಳಲು ಮಜವಾಗಿರುತ್ತದೆ. ಕೆಲವರು ನಿಜವಾಗಿ ಕಲಿತು ಬಂದಿರುತ್ತಾರೆ. ಕೆಲವರು "ಬಹಳ ಉಪಯುಕ್ತವಾಗಿತ್ತು" ಅಂದು ಕೂತುಬಿಡುತ್ತಾರೆ. ನಮ್ಮ ಶಾಲಾ ಪ್ರವಾಸದ ಪ್ರಬಂಧ ನೆನಪಾಗುತ್ತದೆ. ಇದರ ಜೊತೆಗೆ, ಹಣ ತಗೊಳ್ಳುವ ಡೈರೆಕ್ಟರ್‌ಗಳು ಎರಡು ವರ್ಷಕ್ಕೊಮ್ಮೆ ಎರಡು ಗಂಟೆ ನೀತಿ ಪಾಠ ಕೇಳಲೇಬೇಕು.

ಇನ್ನೊಂದು ಉಪಾಯವನ್ನು ಕಾನೂನು ಮುಚ್ಚಿರುವ ರೀತಿ ನನಗೆ ಇಷ್ಟ. ಅದೇ ಜನ ಅದೇ ಕುರ್ಚಿಯಲ್ಲಿ ಕೂತು, ಒಂದು ಸಭೆ ಮುಗಿಸಿ, "ಈಗ ನಾವು ಇನ್ನೊಂದು ಸಂಸ್ಥೆಯ ಮಂಡಳಿ" ಅಂತ ಎರಡನೆಯ ಸಭೆ ಶುರು ಮಾಡುವುದುಂಟು. ಹಾಗೆ ಮಾಡಿ ಎರಡನೆಯದಕ್ಕೂ ಹಣ ಬರುವುದಾದರೆ, ಎಷ್ಟು ಬರುತ್ತದೆ ಅಂತ ಎಲ್ಲರ ಎದುರಿಗೆ ಬಾಯಿಬಿಟ್ಟು ಓದಬೇಕು. ಮುಜುಗರವೇ ಶಿಕ್ಷೆ.

ನಗದಿಗಿಂತ ದೊಡ್ಡದು ಇನ್ನೊಂದಿದೆ. ಆರೋಗ್ಯ ವಿಮೆ. ಹಲವು ಡಿಸ್ಟ್ರಿಕ್ಟ್‌ಗಳು ಡೈರೆಕ್ಟರ್‌ಗಳಿಗೂ ಕುಟುಂಬಕ್ಕೂ ಕೊಡುತ್ತವೆ. ನೌಕರರಿಗೆ ಕೊಡುವುದಕ್ಕಿಂತ ಹೆಚ್ಚಿನದನ್ನು ಕೊಡುವಂತಿಲ್ಲ, ಅಷ್ಟೇ ಮಿತಿ. ಈ ದೇಶದಲ್ಲಿ ಒಂದು ಕುಟುಂಬದ ವಿಮೆ ವರ್ಷಕ್ಕೆ 20 ಸಾವಿರ ಡಾಲರ್ ದಾಟುವುದು ಸಾಮಾನ್ಯ. ತಿಂಗಳಿಗೆ ಎರಡು ಸಭೆ ಇರುವ ಚಿಕ್ಕ ಮಂಡಳಿಯಲ್ಲಿ ದಿನಭತ್ಯೆ ನಾಲ್ಕೈದು ಸಾವಿರ, ವಿಮೆ 20 ಸಾವಿರ ಆಗಬಹುದು. ಹಾಗಾಗಿ "ನಾವು ತಗೊಳ್ಳೋದು ಬರೀ 200 ಡಾಲರ್" ಅಂತ ಯಾರಾದರೂ ಹೇಳಿದರೆ, ವಿಮೆ ಬಗ್ಗೆ ಮೆಲ್ಲಗೆ ಕೇಳಿ.

ಏರಿಸುವುದು ಹೇಗೆ?

ಈ ಜನ ತಮ್ಮ ಭತ್ಯೆಯನ್ನು ತಾವೇ ಏರಿಸಿಕೊಳ್ಳುತ್ತಾರೆ. ಕೇಳಿದ ಕೂಡಲೇ ನಗು ಬರುತ್ತದೆ. ಆದರೆ ಶಾಸಕಾಂಗ ಬೇಕೆಂದೇ ಹಾಗೆ ಬರೆದಿದೆ. ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಯಾರೋ ಏರಿಸುವುದಕ್ಕಿಂತ, ಏರಿಸಿಕೊಳ್ಳುವವರು ನಿಮ್ಮ ಕಣ್ಣೆದುರಿಗೇ ಏರಿಸಿಕೊಳ್ಳಲಿ ಅಂತ.

ಕ್ರಮ ಹೀಗಿದೆ. ಬಹಿರಂಗ ವಿಚಾರಣೆ ನಡೆಸಬೇಕು. ಇಲ್ಲಿ ಅದಕ್ಕೆ ಪಬ್ಲಿಕ್ ಹಿಯರಿಂಗ್ ಅನ್ನುತ್ತಾರೆ. ಅದಕ್ಕೂ ಮೊದಲು ಎರಡು ವಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಏರಿಕೆಯನ್ನು ಆರ್ಡಿನೆನ್ಸ್ ಆಗಿ, ಅಂದರೆ ಸ್ಥಳೀಯ ಕಾನೂನಾಗಿ, ಪಾಸು ಮಾಡಬೇಕು. ಮಿತಿ: ಹಿಂದಿನ ಸಲ ಬದಲಿಸಿದ ಮೇಲೆ ಕಳೆದ ಪ್ರತಿ ಕ್ಯಾಲೆಂಡರ್ ವರ್ಷಕ್ಕೆ ಶೇ 5. ಈ ಕೊನೆಯ ಸಾಲಿನಲ್ಲಿ ಒಂದು ಒಳಸುಳಿ ಇದೆ. ನಾಲ್ಕು ವರ್ಷ ಮುಟ್ಟದೇ ಬಿಟ್ಟಿದ್ದರೆ ಒಂದೇ ಸಲಕ್ಕೆ ಶೇ 20 ಏರಿಸಬಹುದು. ಎಂಟು ವರ್ಷ ಬಿಟ್ಟಿದ್ದರೆ ಶೇ 40. ಪತ್ರಿಕೆಯಲ್ಲಿ "ಶೇ 40 ಏರಿಕೆ" ಅಂತ ಓದಿ ಸಿಟ್ಟು ಬಂದರೆ, ಮೊದಲು ಹಿಂದಿನ ಸಲ ಯಾವಾಗ ಏರಿಸಿದ್ದರು ಅಂತ ನೋಡಿ. ಎಂಟು ವರ್ಷ ಸುಮ್ಮನಿದ್ದವರಿಗಿಂತ ಪ್ರತಿ ವರ್ಷ ತಪ್ಪದೇ ಶೇ 5 ಏರಿಸಿಕೊಂಡವರು ಜಾಸ್ತಿ ತಗೊಂಡಿರುತ್ತಾರೆ. ಅವರು ಸುದ್ದಿ ಆಗುವುದಿಲ್ಲ.

ಪಾಸಾದ ಮೇಲೂ 60 ದಿನ ಅದು ಜಾರಿಗೆ ಬರುವುದಿಲ್ಲ. ಆ 60 ದಿನ ಮತದಾರರದ್ದು. ಸಾಕಷ್ಟು ಸಹಿ ಸಂಗ್ರಹಿಸಿ ಕೊಟ್ಟರೆ, ಮಂಡಳಿ ಏರಿಕೆಯನ್ನು ಕೈಬಿಡಬೇಕು, ಇಲ್ಲ ಜನರ ಓಟಿಗೆ ಹಾಕಬೇಕು.

ನಾನು ಅಂಥ ಒಂದು ವಿಚಾರಣೆಗೆ ಹೋಗಿದ್ದೆ. ಚಿಕ್ಕ ಮಂಡಳಿ, ಹೆಸರು ಬೇಡ. ಪ್ರೇಕ್ಷಕರು ಮೂರೇ ಜನ. ನಾನು, ಹೋಮ್‌ವರ್ಕಿಗೆ ಅಂತ ಬಂದಿದ್ದ ಹೈಸ್ಕೂಲ್ ಹುಡುಗಿ, ಮತ್ತೆ ಒಬ್ಬ ಮುದುಕರು. ನಾನು ಮೊತ್ತದ ಬಗ್ಗೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು, ಯಾರಿಗೂ ಏನೂ ಆಗಲಿಲ್ಲ. ಮುದುಕರು ಎದ್ದು ಒಂದು ಹಾಳೆ ತೆಗೆದರು. ಹಿಂದಿನ ವರ್ಷ ಯಾರು ಯಾವ ದಿನಕ್ಕೆ ಹಣ ತಗೊಂಡಿದ್ದಾರೆ ಅನ್ನುವ ಪಟ್ಟಿ. "ಈ ದಿನ ಉದ್ಯಾನದ ಉದ್ಘಾಟನೆ ಅಂತ ಬರೆದಿದೆ. ಇದು ನಿಮ್ಮ ನಿಯಮದ ಎಷ್ಟನೇ ಪುಟದಲ್ಲಿದೆ?" ಅಂದರು. ಮಂಡಳಿಯ ವಕೀಲರು ಪುಟ ತಿರುಗಿಸಿದರು. ಮತ್ತೆ ತಿರುಗಿಸಿದರು. ಏರಿಕೆ ಅವತ್ತೇ ಪಾಸಾಯಿತು, ಅದು ಬೇರೆ ಮಾತು. ಆದರೆ ಮುಂದಿನ ತಿಂಗಳ ಅಜೆಂಡಾದಲ್ಲಿ ಆ ನಿಯಮದ ತಿದ್ದುಪಡಿ ಇತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅನ್ನುತ್ತಾರಲ್ಲ, ಅವರ ಮುಖದಲ್ಲಿ ಆ ಅಳುಕು ಕಂಡಿತು. ಇದಾದ ಮೇಲೆ ನಾನೂ ಹಾಳೆ ಹಿಡಿದೇ ಹೋಗುತ್ತೇನೆ.

ಆ ಹಾಳೆ ಎಲ್ಲಿ ಸಿಗುತ್ತದೆ?

ರಾಜ್ಯದ ಕಂಟ್ರೋಲರ್ ಕಚೇರಿಯ ಜಾಲತಾಣ ಒಂದಿದೆ, ಗವರ್ನ್‌ಮೆಂಟ್ ಕಾಂಪೆನ್ಸೇಶನ್ ಇನ್ ಕ್ಯಾಲಿಫೋರ್ನಿಯಾ ಅಂತ. 2010ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಬೆಲ್ ಅನ್ನುವ ಬಡ ಪಟ್ಟಣದ ಹಗರಣ ಹೊರಬಂದ ಮೇಲೆ ಇದು ಶುರುವಾದದ್ದು. ಅಲ್ಲಿನ ಅರೆಕಾಲಿಕ ನಗರ ಸದಸ್ಯರು ವರ್ಷಕ್ಕೆ ಸುಮಾರು ಲಕ್ಷ ಡಾಲರ್ ತಗೊಳ್ಳುತ್ತಿದ್ದರು, ಮ್ಯಾನೇಜರ್ 8 ಲಕ್ಷದ ಹತ್ತಿರ. ಪತ್ರಿಕೆಯವರು ಬರೆಯುವವರೆಗೆ ಊರಿಗೇ ಗೊತ್ತಿರಲಿಲ್ಲ. ಈಗ ಸ್ಪೆಷಲ್ ಡಿಸ್ಟ್ರಿಕ್ಟ್ ಅನ್ನುವ ಭಾಗಕ್ಕೆ ಹೋಗಿ ನಿಮ್ಮ ಡಿಸ್ಟ್ರಿಕ್ಟ್ ಹೆಸರು ಹಾಕಿದರೆ ಒಂದೊಂದು ಹುದ್ದೆಗೂ ವರ್ಷಕ್ಕೆ ಎಷ್ಟು ಹೋಯಿತು ಅಂತ ಕಾಣುತ್ತದೆ. ಭತ್ಯೆ ಬೇರೆ, ವಿಮೆ ಬೇರೆ.

ಆದರೆ ಅಲ್ಲಿ ಒಟ್ಟು ಮೊತ್ತ ಮಾತ್ರ. ಯಾವ ದಿನಕ್ಕೆ ಅನ್ನುವುದು ಬೇಕಿದ್ದರೆ ಡಿಸ್ಟ್ರಿಕ್ಟ್‌ನ ಸ್ವಂತ ಜಾಲತಾಣ ನೋಡಿ. ಕೆಲವರು ಡೈರೆಕ್ಟರ್‌ಗಳ ದಿನದ ಪಟ್ಟಿಯನ್ನು ಅಜೆಂಡಾದ ಜೊತೆಗೇ ಹಾಕುತ್ತಾರೆ. 100 ಡಾಲರ್ ಮತ್ತು ಅದಕ್ಕೂ ಮೇಲಿನ ಒಂದೊಂದು ಖರ್ಚು ವಾಪಸಾತಿಯನ್ನು ವರ್ಷಕ್ಕೊಮ್ಮೆ ಬಹಿರಂಗ ಮಾಡಲೇಬೇಕು ಅಂತ ಕಾನೂನಿದೆ. ಪಟ್ಟಿ ಸಿಗದಿದ್ದರೆ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಅಡಿ ಒಂದು ಇಮೇಲ್ ಸಾಕು. ಇದು ನಮ್ಮ ಆರ್‌ಟಿಐ ಇದ್ದ ಹಾಗೆ, ಆದರೆ 1968ರಿಂದ ಇದೆ. 10 ದಿನದೊಳಗೆ ದಾಖಲೆ ಇದೆಯೋ ಇಲ್ಲವೋ, ಕೊಡುತ್ತೇವೋ ಇಲ್ಲವೋ ಹೇಳಬೇಕು. ಯಾಕೆ ಬೇಕು ಅಂತ ನೀವು ಕಾರಣ ಕೊಡಬೇಕಿಲ್ಲ.

ಓಟು ಇಲ್ಲದವರು ಏನು ಮಾಡಬಹುದು?

ಎಚ್‌1ಬಿ ವೀಸಾದವರು, ಗ್ರೀನ್ ಕಾರ್ಡ್‌ನವರು ಇದನ್ನು ಗಮನವಿಟ್ಟು ಓದಿ. ನೀವು ವಾಟರ್ ಡಿಸ್ಟ್ರಿಕ್ಟ್‌ಗೆ ಓಟು ಹಾಕುವಂತಿಲ್ಲ. ಮತದಾರರಾಗಿ ಹೆಸರು ಬರೆಸುವುದೂ ಬೇಡ. ಡಿಎಂವಿಯಲ್ಲಿ ಲೈಸೆನ್ಸ್ ಅರ್ಜಿ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಹೌದು ಅಂತ ಒತ್ತಬೇಡಿ. ಪೌರನಲ್ಲದವನು ಪೌರ ಅಂತ ಹೇಳಿಕೊಂಡ ಹಾಗಾಗುತ್ತದೆ. ಅದು ವಲಸೆಯ ಕಡತದಲ್ಲಿ ದೊಡ್ಡ ಕಂಟಕ.

ಓಟು ಬಿಟ್ಟು ಉಳಿದದ್ದೆಲ್ಲ ನಿಮ್ಮದೂ ಹೌದು. 1953ರ ಬ್ರೌನ್ ಆಕ್ಟ್ ಪ್ರಕಾರ ಸಭೆಗಳು ಬಾಗಿಲು ತೆರೆದೇ ನಡೆಯಬೇಕು. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಿರಬೇಕು. ಯಾರು ಬೇಕಾದರೂ ಹೋಗಿ ಮಾತಾಡಬಹುದು. ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ಬಾಗಿಲಲ್ಲಿ ಹೆಸರು ಬರೆಯಿರಿ ಅಂತ ಕಡ್ಡಾಯ ಮಾಡುವಂತಿಲ್ಲ, ಪೌರತ್ವ ಕೇಳುವ ಮಾತಂತೂ ಇಲ್ಲವೇ ಇಲ್ಲ. ದಾಖಲೆ ಕೇಳುವ ಹಕ್ಕೂ ಎಲ್ಲರಿಗೂ ಇದೆ.

ನೀರಿನ ದರ ಏರಿಕೆಯಲ್ಲಿ ನಿಮಗೆ ಇನ್ನೂ ಒಂದು ಅಸ್ತ್ರವಿದೆ. 1996ರ ಪ್ರೊಪೊಸಿಶನ್ 218. ಮನೆಗೆ ನೀರು ಬಿಡುವ ಸರ್ಕಾರಿ ಸಂಸ್ಥೆ ದರ ಏರಿಸುವ ಮೊದಲು 45 ದಿನ ಮುಂಚಿತವಾಗಿ ಅಂಚೆಯಲ್ಲಿ ನೋಟೀಸ್ ಕಳಿಸಬೇಕು. ಮನೆ ಮಾಲೀಕರು, ನೇರವಾಗಿ ಬಿಲ್ ಕಟ್ಟುವ ಬಾಡಿಗೆದಾರರು, ಲಿಖಿತ ಆಕ್ಷೇಪ ಸಲ್ಲಿಸಬಹುದು. ಒಂದು ಮನೆಗೆ ಒಂದು ಆಕ್ಷೇಪ. ಅರ್ಧಕ್ಕಿಂತ ಹೆಚ್ಚು ಮನೆಯವರು ಬರೆದರೆ ಏರಿಕೆ ಬಿದ್ದುಹೋಗುತ್ತದೆ. ಇಲ್ಲಿಯೂ ಪೌರತ್ವದ ಪ್ರಶ್ನೆ ಬರುವುದಿಲ್ಲ. ಆ ನೋಟೀಸು ಜಾಹೀರಾತಿನ ಹಾಗೆ ಕಾಣುತ್ತದೆ. ಪಿಜ್ಜಾ ಕೂಪನ್ ಜೊತೆ ಕಸಕ್ಕೆ ಹಾಕಬೇಡಿ.

ಓಟು ಇರುವವರಿಗೂ ಒಂದು ಮಾತು. ಪ್ರಶ್ನೆಯನ್ನು ಎರಡು ಸಲ ಓದಿ. 2022ರ ಜೂನ್‌ನಲ್ಲಿ ವ್ಯಾಲಿ ವಾಟರ್‌ನ ಮೆಷರ್ ಎ ಬಂದಿತ್ತು. ಡೈರೆಕ್ಟರ್‌ಗಳನ್ನು ಸತತ ನಾಲ್ಕು ಅವಧಿಗೆ ಸೀಮಿತಗೊಳಿಸಬೇಕೇ ಅಂತ ಪ್ರಶ್ನೆ. ಓದಿದರೆ ಹೊಸದಾಗಿ ಲಗಾಮು ಹಾಕುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಮೂರು ಅವಧಿಯ ಲಗಾಮು ಮೊದಲೇ ಇತ್ತು. ಪ್ರಶ್ನೆ ಅದನ್ನು ನಾಲ್ಕಕ್ಕೆ ಸಡಿಲ ಮಾಡುವುದಾಗಿತ್ತು. ಕೂದಲೆಳೆಯಲ್ಲಿ ಪಾಸಾಯಿತು.

ಬೇರೆ ರಾಜ್ಯದವರಿಗೆ ಎರಡೇ ಮಾತು. ಹ್ಯೂಸ್ಟನ್ ಸುತ್ತಿನ ಹೊಸ ಬಡಾವಣೆಗಳಲ್ಲಿ ಮನೆ ತಗೊಂಡವರ ತೆರಿಗೆ ಬಿಲ್ಲಿನಲ್ಲಿ ಮಡ್ ಅಂತ ಬರುತ್ತದಲ್ಲ, ಅದು ಮ್ಯುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಅಲ್ಲಿಯೂ ಚುನಾಯಿತ ಮಂಡಳಿ, ಅಲ್ಲಿಯೂ ದಿನದ ಲೆಕ್ಕ, ದಿನಕ್ಕೂ ವರ್ಷಕ್ಕೂ ಮಿತಿ. ಟೆಕ್ಸಸ್‌ನಲ್ಲಿ ಇದಕ್ಕೆ ಫೀಸ್ ಆಫ್ ಆಫೀಸ್ ಅನ್ನುತ್ತಾರೆ. ಕೊಲರಾಡೊದ ವಾಟರ್ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್‌ಗಳಲ್ಲಿ ಕಥೆಯೇ ಬೇರೆ. 1937ರ ಕಾಯ್ದೆಯ ಪ್ರಕಾರ ಅಲ್ಲಿ ಡೈರೆಕ್ಟರ್‌ಗಳನ್ನು ನ್ಯಾಯಾಧೀಶರು ನೇಮಿಸುತ್ತಾರೆ!

ನೀವೇ ನಿಂತರೆ?

ನಮ್ಮವರು ಇಂಥ ಹುದ್ದೆಗೆ ನಿಲ್ಲಬೇಕು ಅಂತ ನನಗೆ ಆಸೆ. ಇಂಜಿನಿಯರುಗಳು ಇಷ್ಟೊಂದು ಜನ ಇದ್ದೇವೆ. ಪಂಪು, ಪೈಪು, ಬಜೆಟ್ಟು ಅರ್ಥವಾಗದ್ದೇನಲ್ಲ. ಆ ಕ್ಷೇತ್ರದಲ್ಲಿ ವಾಸವಿರುವ ಮತದಾರರಾಗಿರಬೇಕು, ಅದೇ ಮುಖ್ಯ ಅರ್ಹತೆ. ಪಕ್ಷ ಇಲ್ಲ. ನಾಮಪತ್ರ ನವೆಂಬರ್ ಚುನಾವಣೆಗೆ ಮೊದಲು ಬೇಸಿಗೆಯಲ್ಲಿ, ಜುಲೈ ಮಧ್ಯದಿಂದ ಆಗಸ್ಟ್ ಮೊದಲ ಭಾಗದವರೆಗೆ, ಕೌಂಟಿಯ ಚುನಾವಣಾ ಕಚೇರಿಯಲ್ಲಿ.

ಆದರೆ ಫಾರ್ಮ್ 700 ಬಗ್ಗೆ ತಿಳಿದುಕೊಂಡು ಇಳಿಯಿರಿ. ಅದು ಆಸ್ತಿ ವಿವರದ ಪತ್ರ. ಡಿಸ್ಟ್ರಿಕ್ಟ್ ವ್ಯಾಪ್ತಿಯಲ್ಲಿ ವ್ಯವಹಾರ ಇರುವ ಕಂಪನಿಯ ಷೇರು 2 ಸಾವಿರ ಡಾಲರ್ ಅಥವಾ ಹೆಚ್ಚು ಇದ್ದರೆ ತೋರಿಸಬೇಕಾಗುತ್ತದೆ. ಇಲ್ಲಿ ನಮ್ಮವರಿಗೆ ಕಂಪನಿಯೇ ಕೊಟ್ಟ ಷೇರು ಇಲ್ಲದವರು ಯಾರಿದ್ದಾರೆ? ಗಂಡನದ್ದು, ಹೆಂಡತಿಯದ್ದು ಎರಡೂ ಲೆಕ್ಕ. ಅದು ಸಾರ್ವಜನಿಕ ದಾಖಲೆ, ಪಕ್ಕದ ಮನೆಯವರೂ ನೋಡಬಹುದು. ಕೆಲಸ ಮಾಡುವ ಕಂಪನಿಯ ಅನುಮತಿಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ದಿನಭತ್ಯೆಗೆ ತೆರಿಗೆ ಇದೆ. ಚುನಾಯಿತರನ್ನು ಇಲ್ಲಿ ತೆರಿಗೆಯ ಮಟ್ಟಿಗೆ ನೌಕರರಂತೆ ನೋಡುತ್ತಾರೆ, ಹಾಗಾಗಿ ವರ್ಷದ ಕೊನೆಗೆ ಇನ್ನೊಂದು ಡಬ್ಲ್ಯು-2 ಬರುತ್ತದೆ.

ಮೊನ್ನೆ ಒಬ್ಬ ಗೆಳತಿ ಕೇಳಿದರು. "ನನ್ನ ಬ್ಯಾಲೆಟ್ಟಿನಲ್ಲಿ ವಾಟರ್ ಡಿಸ್ಟ್ರಿಕ್ಟ್ ಸಾಲೇ ಇಲ್ಲವಲ್ಲ, ತಪ್ಪು ಬ್ಯಾಲೆಟ್ ಬಂತಾ?" ತಪ್ಪು ಬ್ಯಾಲೆಟ್ ಅಲ್ಲ. ಆ ವರ್ಷ ನಿಮ್ಮ ಕ್ಷೇತ್ರದ ಸರದಿ ಇಲ್ಲದಿರಬಹುದು. ಇಲ್ಲವೇ ಒಂದು ಕುರ್ಚಿಗೆ ಒಬ್ಬರೇ ಅರ್ಜಿ ಹಾಕಿರಬಹುದು. ಹಾಗಾದಾಗ ಸಾಮಾನ್ಯವಾಗಿ ಚುನಾವಣೆಯೇ ನಡೆಯುವುದಿಲ್ಲ, ಬ್ಯಾಲೆಟ್ಟಿನಲ್ಲಿ ಹೆಸರೂ ಬರುವುದಿಲ್ಲ. ಅರ್ಜಿ ಹಾಕಿದ ಆ ಒಬ್ಬರನ್ನೇ ನೇಮಿಸಿ ಮುಗಿಸುತ್ತಾರೆ. ಚಿಕ್ಕ ಡಿಸ್ಟ್ರಿಕ್ಟ್‌ಗಳಲ್ಲಿ ಇದು ಅಪರೂಪವೇನಲ್ಲ. ಹಾಗೆ ಬಂದವರ ದಿನಭತ್ಯೆಯಲ್ಲಿ ಮಾತ್ರ ಒಂದು ಡಾಲರೂ ಕಡಿಮೆಯಾಗುವುದಿಲ್ಲ.